ದ್ವಾರಕನಾಥರ ಆಳ್ವಿಕೆಯಲ್ಲಿ ಭಾನುವಾರದ ಪಾಠ

ಸಿಂಗಪುರದ ಕಾಕಿ ಬುಕಿತ್ ಕನ್ನಡ ಕೂಟದ ಅಧ್ಯಕ್ಷ ಪೀಠವನ್ನು ೨೦೧೪ರ ಜೂನ್ ಒಂದರಂದು ಶ್ರೀ ದ್ವಾರಕನಾಥ್ ಅವರು ಅಲಂಕರಿಸಿದರೆಂದು ಈ ಮೂಲಕ ದಾಖಲಿಸಲಾಗಿದೆ. ಹಿಂದಿನ ಅಧ್ಯಕ್ಷ ಗುರುಮೂರ್ತಿಯವರ ಕಾಲದಲ್ಲಿ ಕೂಟಕ್ಕೆ ಮುನ್ನೂರು ಸದಸ್ಯರಿದ್ದರು. ಗುರುಮೂರ್ತಿಯವರೂ ಸೇರಿದಂತೆ ಹೆಚ್ಚಿನವರು ಮೆಲ್ಬರ್ನ್‌ಗೆ ಶಿಫ್ಟ್ ಆಗಿದ್ದರು. ಉಳಿದವರು ಇಪ್ಪತ್ತಮೂರು ಮಂದಿ: ಹದಿನೆಂಟು ಪದಾಧಿಕಾರಿಗಳು, ನಾಲ್ಕು ಮಕ್ಕಳು, ಆ ಮಕ್ಕಳಿಗೆ ಪ್ರತಿ ಭಾನುವಾರ ಕನ್ನಡ ಕಲಿಸುವ ಅನಸೂಯ.

ದ್ವಾರಕನಾಥರು ಮಿತವಾದಿ. ಸಭೆಗೆ ಕಾಫಿಯೋ ಟೀಯೋ ಎಂಬ ಜಗಳ ಎರಡು ವರ್ಷದಿಂದ ನಡೆದಿತ್ತು. ಅವರು ಎರಡನ್ನೂ ಒಂದೇ ಫ್ಲಾಸ್ಕಿಗೆ ಸುರಿಸಿದರು. ಯಾರೂ ಕುಡಿಯಲಿಲ್ಲ, ಜಗಳವಂತೂ ನಿಂತಿತು.

ಕೂಟಕ್ಕಿದ್ದದ್ದು ಗೋದಾಮಿನ ಮೇಲಿನ ಒಂದೇ ಕೋಣೆ. ಪಾಠದ ಗಲಾಟೆಯಲ್ಲಿ ಸಭೆ ನಡೆಸಲಾಗುತ್ತಿಲ್ಲ, ತರಗತಿ ಮುಚ್ಚಿ ಎಂದು ಆರು ಮಂದಿ ಉಪಾಧ್ಯಕ್ಷರಲ್ಲಿ ಹಿರಿಯರಾದ ಅಶ್ವತ್ಥನಾರಾಯಣ ಅರ್ಜಿ ಕೊಟ್ಟರು. ಮುಚ್ಚಬೇಡಿ ಎಂದು ಅನಸೂಯ ಅರ್ಜಿ ಕೊಟ್ಟರು. ಅಧ್ಯಕ್ಷರು ಎರಡನ್ನೂ ಮಂಜೂರು ಮಾಡಿದರು.

‘ಸುತ್ತೋಲೆ ೭: ತರಗತಿ ಮುಂದುವರಿಯತಕ್ಕದ್ದು. ಶಿಕ್ಷಕಿ ಒಂದು ಭಾನುವಾರ, ಮಕ್ಕಳು ಮರು ಭಾನುವಾರ ಹಾಜರಾಗತಕ್ಕದ್ದು. ಉಭಯ ಪಕ್ಷಗಳೂ ಹೋಗುವ ಮುನ್ನ ಬೋರ್ಡ್ ಒರೆಸತಕ್ಕದ್ದು.’

“ಸರ್, ನಾನಿಲ್ದೆ ಮಕ್ಳು ಏನ್ ಕಲೀತಾರೆ?” ಎಂದರು ಅನಸೂಯ.

“ಪೂರ್ತಿ ಕಲಿಯೋದು ಒಂದು ಅತಿ ಮೇಡಂ, ಏನೂ ಕಲೀದೇ ಇರೋದು ಇನ್ನೊಂದು ಅತಿ. ಅತಿಯಾದ್ರೆ ಅಮೃತಾನೂ ವಿಷ. ನಾವು ಬ್ಯಾಲೆನ್ಸ್ ಮಾಡೋಣ.”

ಅನಸೂಯ ಅವರಿಗೆ ಅಳು ಬಂತು. ಇಂಥದ್ದನ್ನು ವರದಿಯಲ್ಲಿ ಸೇರಿಸುವಂತಿಲ್ಲ. ಆದರೂ ವರದಿ ಬರೆಯುವ ಕಾರ್ಯದರ್ಶಿಯಾದ ನಾನು ಮನಸ್ಸು ತಡೆಯದೆ ಸೇರಿಸಿದ್ದೇನೆ.

ಮಕ್ಕಳ ಮೊದಲ ಭಾನುವಾರ ಒಂಬತ್ತು ವರ್ಷದ ವರ್ಣಿಕಾ ಪುಸ್ತಕ ತೆರೆದು ಅರ್ಧ ಗಂಟೆ ಕಾದಳು.

“ಅಂಕಲ್, ಆಂಟಿ ಯಾವಾಗ ಬರ್ತಾರೆ?”

“ಬಂದು ಹೋದ್ರಲ್ಲ ಪುಟ್ಟಾ, ಹೋದ ವಾರ,” ಎಂದರು ಅಧ್ಯಕ್ಷರು.

“ಹಾಗಾದ್ರೆ ನಾನೂ ಹೋದ ವಾರಾನೇ ಬರ್ತೀನಿ ಲಾ,” ಎಂದಳು ವರ್ಣಿಕಾ, ಸಿಂಗಪುರದ ಮಕ್ಕಳ ಧಾಟಿಯಲ್ಲಿ.

ಈ ಕೋರಿಕೆಯನ್ನು ಪರಿಶೀಲಿಸಲು ಉಪಸಮಿತಿ ರಚನೆಯಾಯಿತು. ಹೋದ ವಾರ ಕೋಣೆ ಖಾಲಿ ಇರಲಿಲ್ಲವೆಂದು ಅದು ವರದಿ ಕೊಟ್ಟಿತು.

ವರ್ಷದ ಕೊನೆಗೆ ಹಾಜರಾತಿ ಎರಡೂ ಕಡೆ ಶೇಕಡಾ ನೂರು. ಶಿಕ್ಷಕಿಯ ಮೇಲೆ ಮಕ್ಕಳ ದೂರಿಲ್ಲ, ಮಕ್ಕಳ ಮೇಲೆ ಶಿಕ್ಷಕಿಯ ದೂರಿಲ್ಲ. ಸದ್ದಂತೂ ಇಲ್ಲವೇ ಇಲ್ಲ. ಅಶ್ವತ್ಥನಾರಾಯಣರೇ ಎದ್ದು ನಿಂತು, ಅನಸೂಯ ಅವರಿಗೆ ‘ಅತ್ಯುತ್ತಮ ಶಿಕ್ಷಕಿ’ ಪ್ರಶಸ್ತಿ ಸೂಚಿಸಿದರು. ಸರ್ವಾನುಮತದಿಂದ ಅಂಗೀಕಾರವಾಯಿತು.

ಸಮಾರಂಭ ನಿಯಮದಂತೆಯೇ ನಡೆಯಿತು. ಮಕ್ಕಳು ತಮ್ಮ ಭಾನುವಾರ ಬಂದು ಖಾಲಿ ಕುರ್ಚಿಗೆ ಮಲ್ಲಿಗೆ ಹಾರ ಹಾಕಿದರು. ಮರು ಭಾನುವಾರ ಅನಸೂಯ ಬಂದು, ಒಣಗಿದ ಹಾರ ಕೊರಳಿಗೆ ಹಾಕಿಕೊಂಡು, ನಾಲ್ಕು ಖಾಲಿ ಕುರ್ಚಿಗಳಿಗೆ ಕೈಮುಗಿದು, “ಚೆನ್ನಾಗಿ ಓದ್ಕೊಳ್ಳಿ ಮಕ್ಳೇ” ಎಂದರು. ಪದಾಧಿಕಾರಿಗಳೆಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅನಸೂಯ ಬೋರ್ಡ್ ಒರೆಸಿ ಮನೆಗೆ ಹೋದರು.