ಸಂಜೀವಕುಮಾರನ ಕಪ್ಪೆ ಮಹಲು

ನಾರಾಯಣಖೇಡದ ಬಸ್ ನಿಲ್ದಾಣದ ಎದುರಿಗೆ ಸಂಜೀವಕುಮಾರನ ಫೋಟೋ ಫ್ರೇಮಿನ ಅಂಗಡಿ ಇದೆ. ಅಲ್ಲಿಗೆ ಬರುವ ಹತ್ತು ಜನರಲ್ಲಿ ಎಂಟು ಜನ ಅಳುತ್ತ ಬರುತ್ತಾರೆ, ಉಳಿದಿಬ್ಬರು ಅತ್ತು ಮುಗಿಸಿ ಬಂದಿರುತ್ತಾರೆ. ಮದುವೆಯ ಫೋಟೋಗಳೆಲ್ಲ ಈಗ ಮೊಬೈಲಿನಲ್ಲೇ ಉಳಿದುಬಿಡುತ್ತವೆ. ಗೋಡೆ ಏರುವ ಯೋಗ ಸತ್ತವರಿಗೆ ಮಾತ್ರ. ಇಪ್ಪತ್ತೆರಡು ವರ್ಷಗಳಿಂದ ಆತ ಗಾಜು ಕೊಯ್ದು, ಮೊಳೆ ಬಡಿದು, ಗಂಧದ ಹಾರ ಹಾಕಿ ಕೊಡುತ್ತ ಬಂದಿದ್ದಾನೆ. ಹೀಗಾಗಿ ಅವನ ಮುಖವೂ ಸತ್ತವರ ಮನೆಯಲ್ಲಿ ಚಹಾ ಕೇಳಲು ಸಂಕೋಚಪಡುವವನ ಮುಖದಂತೆ ಆಗಿಬಿಟ್ಟಿದೆ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಜೂನ್ ತಿಂಗಳ ಒಂದು ಬೆಳಿಗ್ಗೆ ಆತ ತಮ್ಮಿಬ್ಬರದೊಂದು ಫೋಟೋ ಹಿಡಿದುಕೊಂಡು ಹೆಂಡತಿ ಭುವನೇಶ್ವರಿಯ ಮುಂದೆ ನಿಂತು, ಇದಕ್ಕೆ ಒಂದು ಚೆಂದದ ಫ್ರೇಮು ಹಾಕಲೇ ಎಂದು ಕೇಳಿದ.

"ಬ್ಯಾಡ್ರಿ," ಎಂದಳು ಅವಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ನೀವು ಗಾಜಿನ ಹಿಂದ ಕೂಡಿಸಿದವ್ರು ಯಾರರ ಬದುಕ್ಯಾರೇನು? ನನಗಿನ್ನೂ ಭಾಳ ಕೆಲಸ ಅವ."

ಮಾತು ನಾಟಿತು. ನಾಲ್ಕು ದಿನ ಅವನಿಗೆ ಊಟ ಸೇರಲಿಲ್ಲ (ಹೊತ್ತಿಗೆ ಮೂರು ರೊಟ್ಟಿ ಮಾತ್ರ ಒಳಗಿಳಿದವು). ಜೀವವಿರುವ ಯಾವುದನ್ನಾದರೂ ಒಮ್ಮೆ ಗಾಜಿನ ಹಿಂದಿಟ್ಟು, ಅದು ಬದುಕಿ ಬಾಳುವುದನ್ನು ಈಕೆಗೆ ತೋರಿಸಿಯೇ ತೀರುತ್ತೇನೆಂದು ಐದನೆಯ ದಿನ ಆತ ಘೋರ ಪ್ರತಿಜ್ಞೆ ಮಾಡಿದ.

ಆ ಜೀವ ಸಿಕ್ಕಿದ್ದು ನಾಗಲಗಿದ್ದದಲ್ಲಿ, ಹೆಂಡತಿಯ ತಮ್ಮನ ಹೊಲದ ಪಂಪ್‌ಸೆಟ್ ಕೋಣೆಯಲ್ಲಿ. ಸ್ವಿಚ್ಚಿನ ಡಬ್ಬಿಯ ಪಕ್ಕ ಎರಡು ಮರಗಪ್ಪೆಗಳು ಗೋಡೆಗೆ ಅಂಟಿ ಕೂತಿದ್ದವು. ಕಂದು ಮೈ, ಬೆರಳ ತುದಿಗೆ ಅಂಗಿಯ ಗುಂಡಿಯಂಥ ಒಂದೊಂದು ಪುಟ್ಟ ಬಿಲ್ಲೆ, ಮುಖದಲ್ಲಿ ಥೇಟ್ ಅವನದೇ ದುಃಖ. ನೋಡಿದೊಡನೆ ಬಂಧುತ್ವ ಹುಟ್ಟಿತು. ಊಟದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಮುಚ್ಚಳಕ್ಕೆ ತೂತು ಹೊಡೆದು ಮನೆಗೆ ತಂದ. (ಡಬ್ಬಿ ಭುವನೇಶ್ವರಿಯ ತವರಿನದು. ಆ ಜಗಳದ ಕತೆ ಇಲ್ಲಿ ಬೇಡ.)

ಮುಂದಿನ ಒಂದು ವಾರ, ಅಂಗಡಿಗೆ ಬಂದ ಮೃತರೆಲ್ಲ ಕಾಯಬೇಕಾಯಿತು. ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಆತ ಮೂರಡಿ ಎತ್ತರದ ಗಾಜಿನ ಪೆಟ್ಟಿಗೆ ಕಟ್ಟಿದ. ತಳಕ್ಕೆ ಹರಳು, ಅದರ ಮೇಲೆ ಇದ್ದಿಲು, ಅದರ ಮೇಲೆ ತೆಂಗಿನ ನಾರು ಮತ್ತು ಮಣ್ಣು. ನಡುವೆ ಬೇವಿನ ಒಣಟೊಂಗೆ, ಅದಕ್ಕೆ ಹಬ್ಬಿಸಿದ ಮನಿಪ್ಲಾಂಟು. ನೀರಿನ ಟಾಕಿಯ ಪಕ್ಕದಿಂದ ಹೆರೆದು ತಂದ ಪಾಚಿ. ಮಹಾರಾಜರು ವಿರಾಜಮಾನರಾಗಲು ತಾಂಡೂರಿನ ಕಲ್ಲಿನದೊಂದು ತುಂಡು. ದಿನಕ್ಕೆ ಮೂರು ಹೊತ್ತು ನೀರು ಚಿಮುಕಿಸಲು ಕ್ಷೌರದಂಗಡಿಯಿಂದ ಒಂದು ಬಾಟ್ಲಿಯನ್ನೂ ಬೇಡಿ ತಂದ. ಕಪ್ಪೆಗಳು ಒಳಗೆ ಹೋದವು, ಎಲೆಯ ಮೇಲೆ ಕೂತವು. ಎಷ್ಟೋ ವರ್ಷಗಳ ಮೇಲೆ ಸಂಜೀವಕುಮಾರ ಅಂದು ನಕ್ಕ.

"ಇವು ಏನ್ ತಿಂತಾವ್ರಿ?" ಎಂದಳು ಭುವನೇಶ್ವರಿ.

"ಹುಳಾ. ಮಿಡತಿ, ಜಿರಳಿ. ಜೀವಂತ ಇರಬೇಕು."

ಅವಳು ಕೊರಳಿನ ಲಿಂಗವನ್ನು ಮುಟ್ಟಿಕೊಂಡಳು. "ಮೂರು ತಲಿಯಿಂದ ಈ ಮನ್ಯಾಗ ಒಂದು ತತ್ತಿ ಒಡದಿಲ್ಲ. ನೀವು ಮಿಡತಿ ಹಿಡದು ಇವುಕ್ಕ ಉಣಸ್ತೀರಿ?"

"ಅವು ಕಪ್ಪಿ, ಭುವನಾ. ಅವುಕ್ಕ ನಮ್ಮ ನೇಮ ಏನ್ ಗೊತ್ತು?"

"ನಮ್ಮ ಮನಿಗಿ ಬಂದ ಮ್ಯಾಲ ನಮ್ಮ ಅಡಗಿನೇ ಉಣಬೇಕು."

ಮೊದಲ ದಿನ ಮೊಸರನ್ನ ಇಟ್ಟರು. ಎರಡನೆಯ ದಿನ ನೆನೆಸಿದ ಬೇಳೆ. ಮೂರನೆಯ ದಿನ, ಹೊಸಬರಿಗೆ ಸಿಹಿ ಮಾಡಿಲ್ಲವೆಂದು, ಗೋದಿ ಹುಗ್ಗಿ. ಕಪ್ಪೆಗಳು ಕಣ್ಣು ಮುಚ್ಚಿ ಮುಖ ತಿರುಗಿಸಿದವು. ಅವುಗಳ ಹೊಟ್ಟೆ ಒಳಗೆ ಹೋದಂತೆಲ್ಲ ಸಂಜೀವಕುಮಾರನ ಎದೆ ಕುಸಿಯಿತು. ಕೊನೆಗೆ ರಾಜಿಯಾಯಿತು: ಮುಚ್ಚಳದಲ್ಲಿ ಮೂರು ಬೆರಳಗಲದ ಸಂದು ಬಿಟ್ಟು, ಮೇಲೊಂದು ಬಲ್ಬು ತೂಗುಹಾಕುವುದು. ಹುಳಗಳು ತಾವಾಗಿಯೇ ಬಂದು ಬಿದ್ದರೆ ಅದು ಅವುಗಳ ಹಣೆಬರಹ, ಮನೆಯವರಿಗೆ ಪಾಪವಿಲ್ಲ. ಮಳೆಗಾಲದ ಹುಳಗಳು ದಂಡುಗಟ್ಟಿ ಬಂದವು. ಕಪ್ಪೆಗಳು ಹೊಟ್ಟೆ ತುಂಬ ಉಂಡವು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ಖಾಲಿ. ಹುಳ ಒಳಗೆ ಬರುವ ಸಂದಿನಿಂದ ಕಪ್ಪೆ ಹೊರಗೆ ಹೋಗಬಹುದೆಂಬುದು ಇಪ್ಪತ್ತೆರಡು ವರ್ಷ ಕೂದಲೆಳೆಯ ಅಳತೆ ತೆಗೆದ ಮನುಷ್ಯನಿಗೆ ಹೊಳೆದಿರಲಿಲ್ಲ.

ಅಟ್ಟ ಹುಡುಕಿದ, ಹಿತ್ತಲು ಹುಡುಕಿದ. ಬೀದಿಯ ಬೆಕ್ಕು ಕಾಂಪೌಂಡಿನ ಮೇಲೆ ಮೀಸೆ ನೆಕ್ಕುತ್ತ ಕೂತಿದ್ದನ್ನು ಕಂಡು ಹುಡುಕುವುದನ್ನೇ ಬಿಟ್ಟ. ಹೆಂಡತಿಗೆ ಹೇಳುವ ಧೈರ್ಯ ಬರಲಿಲ್ಲ. ಅಂದಿನಿಂದ ಹದಿನೈದು ದಿನ ಆತ ಖಾಲಿ ಪೆಟ್ಟಿಗೆಗೆ ಮೂರು ಹೊತ್ತು ನೀರು ಚಿಮುಕಿಸಿದ.

"ಕಪ್ಪಿ ಕಾಣಾವಲ್ಲವು," ಎನ್ನುತ್ತಿದ್ದಳು ಅವಳು.

"ಎಲಿ ಹಿಂದ ಮಲಗ್ಯಾವ."

"ಮಲಗಲಿ ಬಿಡ್ರಿ," ಎಂದು ಅವಳು ಒಳಗೆ ಹೋಗುತ್ತಿದ್ದಳು.

ಹದಿನಾರನೆಯ ದಿನ ಆತ ಭಾರವಾದ ಮನಸ್ಸಿನಿಂದ ಜಳಕಕ್ಕೆ ಹೋದ. ಬಚ್ಚಲ ಗೋಡೆಗೆ, ನೀರಿನ ಡ್ರಮ್ಮಿನ ಮೇಲ್ಗಡೆ, ಮುಷ್ಟಿಯಷ್ಟು ಬಿಳಿ ನೊರೆ ಮೆತ್ತಿಕೊಂಡಿತ್ತು. ಹೆಂಡತಿ ತಲೆ ತೊಳೆದುಕೊಂಡು ಹಾಗೆಯೇ ಬಿಟ್ಟಿದ್ದಾಳೆಂದುಕೊಂಡ. ಹೇಳದೆಯೇ ಒಂದು ಕೆಲಸ ಮಾಡಿದರೆ ಒಂದು ಒಳ್ಳೆಯ ಮಾತಾದರೂ ಸಿಕ್ಕೀತೆಂದು ನಾರಿನ ಗುಂಜಿನಿಂದ ಗಸಗಸ ತಿಕ್ಕಿ, ಎರಡು ಬಕೀಟು ನೀರು ಹಾಕಿ, ಗೋಡೆ ಹೊಳೆಯುವಂತೆ ಮಾಡಿ ಅಂಗಡಿಗೆ ಹೋದ.

ಅಂಗಡಿಯಲ್ಲಿ ದುಃಖ ತಡೆಯಲಾಗಲಿಲ್ಲ. ಮೊಬೈಲಿನಲ್ಲಿದ್ದ ಕಪ್ಪೆಗಳ ಫೋಟೋ ಪ್ರಿಂಟು ಹಾಕಿಸಿ ಫ್ರೇಮು ಕಟ್ಟಿದ. ಕಟ್ಟಿದ ಮೇಲೆ ಅವನ ಕೈ ತಾನಾಗಿಯೇ ಗಂಧದ ಹಾರ ತೆಗೆದು ಅದಕ್ಕೆ ಹಾಕಿತು. ಆ ಹೊತ್ತಿಗೇ ಭುವನೇಶ್ವರಿ ಊಟದ ಡಬ್ಬಿ ಹಿಡಿದು ಬಂದಳು. ಗಾಜಿನ ಹಿಂದೆ ಸಾಲಾಗಿ ನಿಂತ ಹಿರಿಯರ ನಡುವೆ ಕಪ್ಪೆ ದಂಪತಿಗಳನ್ನು ನೋಡಿದಳು.

"ಜೀವಂತ ಇದ್ದವ್ರಿಗಿ ಹಾರ ಹಾಕ್ತೀರೇನ್ರಿ?"

"ಸತ್ತಾವ, ಭುವನಾ. ಬೆಕ್ಕು ತಿಂದಾದ. ನೀ ಅಂದಿದ್ದೇ ಖರೇ ಆತು."

"ಎಲ್ಲಿ ಸತ್ತಾವ? ಹದಿನೈದು ದಿನ ಆತು, ನಮ್ಮ ಬಚ್ಚಲದಾಗ ಅವ. ಸಂಜಿಗಿ ದೀಪ ಹಚ್ಚಿಡ್ತೀನಿ, ಹುಳಾ ಬರ್ತಾವ, ತಿಂತಾವ. ಹಗಲಿಗಿ ಡ್ರಮ್ಮಿನ ಹಿಂದ ಮಲಗ್ತಾವ."

ಸಂಜೀವಕುಮಾರನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಹಿಡದು ಮತ್ತ ಗಾಜಿನ ಹಿಂದ ಹಾಕ್ತಿದ್ರಿ. ನೀವು ಖಾಲಿ ಪೆಟಗಿಗಿ ನೀರು ಹೊಡ್ಯೋದು ನೋಡಿ ಜೀವ ಚುರ್ ಅಂತಿತ್ತು, ಆದ್ರ ಬಾಯಿ ಬಿಡಲಿಲ್ಲ." ಅವಳು ದನಿ ತಗ್ಗಿಸಿದಳು. ಅವಳ ಮುಖದಲ್ಲಿ ಇಂಥ ಬೆಳಕನ್ನು ಆತ ಮದುವೆಯ ವರ್ಷ ಕಂಡಿದ್ದ. "ಈಗ ಹೇಳೇಬಿಡ್ತೀನಿ. ನಿನ್ನಿ ತತ್ತಿ ಇಟ್ಟದ್ರಿ. ಡ್ರಮ್ಮಿನ ಮ್ಯಾಲ, ಗ್ವಾಡಿಗಿ, ಬೆಳ್ಳಗ ನೊರಿ ಕಟ್ಟಿ ಅದರಾಗ ಇಟ್ಟದ. ಮರಿ ಆದ್ರ ನೂರಾರು ಆಗ್ತಾವಂತ. ನೀವು ತಂದಿದ್ದು ಬದುಕ್ತು. ನಾ ಅಂದಿದ್ದು ತಪ್ಪು."

ಇದೇ ಮಾತಿಗಾಗಿ ಆತ ಒಂದು ತಿಂಗಳು ಹಂಬಲಿಸಿದ್ದ. ಈಗ ಅದು ಬಂದು ಎದುರಿಗೆ ನಿಂತಾಗ ಸುಮ್ಮನೆ ತನ್ನ ಅಂಗೈ ನೋಡಿಕೊಂಡ. ಮೂರು ತಲೆಮಾರು ಒಂದು ತತ್ತಿ ಒಡೆಯದ ಮನೆಯವನು ಒಂದೇ ಬೆಳಿಗ್ಗೆ, ಅದೂ ಶಾಭಾಸ್‌ಗಿರಿಯ ಆಸೆಗೆ, ನೂರಾರನ್ನು ತಿಕ್ಕಿ ತೊಳೆದು ಬಂದಿದ್ದ.

ಆತ ಎದ್ದು ಕಪ್ಪೆಗಳ ಫೋಟೋದಿಂದ ಹಾರ ತೆಗೆದ. ಗೋಡೆಯ ಮೇಲೆ ಒಂದು ಹೊಸ ಫ್ರೇಮು ತೂಗುತ್ತಿತ್ತು, ಗಾಜು ಮಾತ್ರ ಇತ್ತು, ಫೋಟೋ ಇರಲಿಲ್ಲ. ಹಾರವನ್ನು ಅದಕ್ಕೆ ಹಾಕಿದ.

ಭುವನೇಶ್ವರಿ ಆ ಖಾಲಿ ಗಾಜನ್ನು ನೋಡಿದಳು, ಗಂಡನ ಕೈ ನೋಡಿದಳು. ಅವನ ಉಗುರ ಸಂದಿಯಲ್ಲಿ ಬಚ್ಚಲ ತಿಕ್ಕುವ ನಾರಿನ ಎಳೆಯೊಂದು ಸಿಕ್ಕಿಕೊಂಡಿತ್ತು. ಆಮೇಲೆ ಸ್ಟೂಲಿನ ಮೇಲೆ ಕೂತು, ಡಬ್ಬಿ ಬಿಚ್ಚಿ, ಅವನ ಮುಂದೆ ರೊಟ್ಟಿ ಇಟ್ಟಳು.

"ಉಣ್ರಿ," ಎಂದಳು. "ನಾಳಿಂದ ಜಳಕ ಹಿತ್ತಲದಾಗ ಮಾಡ್ರಿ."