ಅಳಿಲು ಬಿಡದ ಮರ

ಗವಿಸಿದ್ದಯ್ಯನ ಗ್ರಹಚಾರ ಅಳಿಲಿನ ರೂಪದಲ್ಲಿ ಬಂತು. ಮರಳವಾಡಿಯ ಅವನ ತೆಂಗಿನ ತೋಟದ ನೆರಳಿನಲ್ಲಿ ನರ್ಸರಿಯಿಂದ ತಂದ ಕಸಿ ಕೋಕೋ ಗಿಡಗಳು ಸಾಲುಸಾಲಾಗಿದ್ದವು. ಅಳಿಲುಗಳಿಗೆ ಮಾತ್ರ ಬಾವಿ ಪಕ್ಕದ ಮುದಿ ಕೋಕೋ ಮರವೇ ಬೇಕು. ಅದರ ಕಾಯಿಗಳೆಲ್ಲ ತೂತು.

ಅಂದು ಮಧ್ಯಾಹ್ನ ರಾಮನಗರದಿಂದ ನಿಖಾತ್ ಬರುವವಳಿದ್ದಳು. ರೇಷ್ಮೆ ನೂಲು ತೆಗೆಯುವ ಮನೆಯ ಹುಡುಗಿ, ಈಗ ಚಾಕೊಲೇಟ್ ಮಾಡುತ್ತಾಳೆ. ರುಚಿಯಾದ ಒಂದು ಮರ ಸಿಕ್ಕರೆ ಅದನ್ನೇ ತಾಯಿಮರ ಮಾಡಿ, ಕಡ್ಡಿ ತೆಗೆದು ಊರಿಗೆಲ್ಲ ಕಸಿ ಕಟ್ಟಿಸಿ, ಅದರ ಯಜಮಾನನ ಹೆಸರನ್ನು ಚಾಕೊಲೇಟಿನ ಮೇಲೆ ಹಾಕಿಸುತ್ತೇನೆ ಎಂದಿದ್ದಳು. ಹೆಸರೆಂದರೆ ಗವಿಸಿದ್ದಯ್ಯನಿಗೆ ಪ್ರಾಣ. ಸ್ವಂತ ತಮ್ಮನ ಮಗಳ ಮದುವೆ ಪತ್ರಿಕೆಯಲ್ಲೇ ಅವನ ಹೆಸರು ಬಿಟ್ಟುಹೋಗಿತ್ತು.

"ಈ ತೂತುಗಾಯಿ ಕಂಡ್ರೆ ತೋಟಕ್ಕೇ ರೋಗ ಅಂತಾರೆ ಕಣ್ಲಾ," ಎಂದ ಪಕ್ಕದ ತೋಟದ ಪುಟ್ಟಸ್ವಾಮಿ. "ನಮ್ಮ ಕೃಷಿಹೊಂಡಕ್ಕೆ ಜೆಸಿಬಿ ಬಂದೈತೆ. ಬುಡಸಮೇತ ಕಿತ್ತಾಕ್ಸಿಬುಡು."

ಹೆಂಡತಿ ಬಸವಲಿಂಗಮ್ಮ ತಡೆದಳು. "ಸೀಬೆಹಣ್ಣಾದ್ರೆ ಅಳಿಲು ಕಚ್ಚಿದ್ದನ್ನೇ ಹುಡುಕ್ಕೊಂಡು ತಿಂತೀರಿ. ಇದಕ್ಯಾಕೆ ಜೆಸಿಬಿ?"

"ಸೀಬೆ ಬ್ಯಾರೆ, ಚಾಕೊಲೇಟ್ ಬ್ಯಾರೆ. ಸುಮ್ಕಿರು ನೀನು."

ಜೆಸಿಬಿ ಮರವನ್ನು ಹುಳುಕು ಹಲ್ಲಿನಂತೆ ಕಿತ್ತಿತು. ಜೊತೆಗೆ ಬಾವಿಯ ಪೈಪೂ ಕಿತ್ತುಬಂದು ಗವಿಸಿದ್ದಯ್ಯನಿಗೆ ಕೆಸರಿನ ಅಭಿಷೇಕವಾಯಿತು.

"ಹೋಗ್ಲಿ ಬುಡು. ಕೊಂಬೆ ನಾನು ಸಾಗಿಸ್ತೀನಿ, ಮೇಡಂ ಬರೋ ಹೊತ್ಗೆ ಜಾಗ ಕ್ಲೀನಾಗಿರ್ಲಿ," ಎಂದು ಪುಟ್ಟಸ್ವಾಮಿ ಒಂದು ಕಡ್ಡಿಯನ್ನೂ ಬಿಡದೆ ಟ್ರಾಲಿಗೆ ತುಂಬಿಕೊಂಡು ಹೋದ. ಇಂಥ ನೆರೆಯವನು ಯಾರಿಗುಂಟು ಎಂದು ಗವಿಸಿದ್ದಯ್ಯನ ಕಣ್ಣು ತುಂಬಿತು.

ನಿಖಾತ್ ಬಂದವಳು ಕಸಿಗಿಡಗಳ ಒಣಬೀಜ ಒಂದೊಂದನ್ನೇ ಕಚ್ಚಿ ನೋಡಿದಳು. ಪ್ರತಿಯೊಂದಕ್ಕೂ "ಪರವಾಗಿಲ್ಲ" ಎಂದಳು. ಗವಿಸಿದ್ದಯ್ಯನ ಮುಖ ಬಾಡಿತು. ಅವಳು ಹೊರಟು ನಿಂತಾಗ ಬಸವಲಿಂಗಮ್ಮ ಸೆರಗಿನ ಗಂಟು ಬಿಚ್ಚಿದಳು. ಅಳಿಲು ಬಿಟ್ಟ ಬೀಜಗಳನ್ನು ಬಾಳೆಎಲೆಯಲ್ಲಿ ಮುಚ್ಚಿ ಹುಳಿ ಬರಿಸಿ, ಬೇರೆಯಾಗಿ ಒಣಗಿಸಿಟ್ಟಿದ್ದಳು. ಕಚ್ಚಿದ ನಿಖಾತ್ ಕಣ್ಣು ಮುಚ್ಚಿಕೊಂಡಳು.

"ಇದು! ಇದು ಯಾವ ಮರದ್ದಮ್ಮಾ?"

"ಅಗೋ, ಆ ಗುಂಡೀದು," ಎಂದಳು ಬಸವಲಿಂಗಮ್ಮ.

ನಿಖಾತ್ ತಲೆ ಹಿಡಿದುಕೊಂಡಳು. ಆಮೇಲೆ ಥಟ್ಟನೆ, "ಕೊಂಬೆ ಎಲ್ಲಿ? ಇವತ್ತೇ ಕಿತ್ತಿದ್ದಾದ್ರೆ ಕಡ್ಡಿ ಇನ್ನೂ ಹಸಿ ಇರುತ್ತೆ, ಕಸಿ ಕಟ್ಟಬಹುದು!" ಎಂದಳು. ಗವಿಸಿದ್ದಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಬೇಲಿ ಹಾರಿದ. ನಿಖಾತ್ ಹಿಂದೆಯೇ ಓಡಿದಳು.

ಪುಟ್ಟಸ್ವಾಮಿ ತನ್ನ ತೋಟದಲ್ಲಿ ಕುಳಿತು ಗಿಡಗಿಡಕ್ಕೂ ಆ ಕಡ್ಡಿಗಳನ್ನು ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಸಿ ಕಟ್ಟುತ್ತಿದ್ದ. ಅವನ ಹಿಂದೆ ಎರಡು ಕೋಕೋ ಮರಗಳು ಮೈತುಂಬ ಕಾಯಿ ಬಿಟ್ಟು ನಿಂತಿದ್ದವು. ರೇಷ್ಮೆಹುಳುವಿನ ಮನೆಗೆ ನೊಣ ಬಾರದಂತೆ ಕಟ್ಟುವ ಬಲೆಯನ್ನು ಕತ್ತರಿಸಿ, ಒಂದೊಂದು ಕಾಯಿಗೂ ಅಂಗಿ ತೊಡಿಸಿದ್ದ. ಅಳಿಲಿಗೆ ಏನು ಇಷ್ಟವೆಂದು ಅವನಿಗೆ ಮೊದಲೇ ಗೊತ್ತಿತ್ತು!

ಅವನು ಕೊಟ್ಟ ಒಣಬೀಜವನ್ನು ನಿಖಾತ್ ಕಚ್ಚಿದಳು. ಅದೇ ರುಚಿ.

"ಲೇ! ಯಾವತ್ತೋ ಕಡ್ಡಿ ಕದ್ದು ಬೆಳೆಸ್ಬುಟ್ಟಿದ್ದೀಯ! ಇದು ನನ್ ಮರದ ತಳಿ ಕಣ್ಲಾ!"

"ನಿನ್ ಮರ ಎಲ್ಲೈತೆ? ಮೇಡಂಗೆ ಒಸಿ ತೋರ್ಸು."

ಗವಿಸಿದ್ದಯ್ಯ ಬೇಲಿಯಾಚೆಯ ಗುಂಡಿಯತ್ತ ನೋಡಿದ. ಪಾಪ, ನಿಖಾತ್ ತಾನೇ ಏನು ಮಾಡಿಯಾಳು? ಕಣ್ಣೆದುರು ನಿಂತ ಮರದ ಯಜಮಾನನ ಹೆಸರನ್ನೇ ಕೇಳಿ ಬರೆದುಕೊಂಡಳು. "ಬ್ಯಾಸ್ರ ಮಾಡ್ಕೋಬ್ಯಾಡ, ಮೊದಲ್ನೇ ಚಾಕೊಲೇಟ್ ನಿಂಗೇ ಕೊಡ್ತೀನಿ," ಎಂದ ಪುಟ್ಟಸ್ವಾಮಿ.

ಗವಿಸಿದ್ದಯ್ಯ ಬಂದು ಗುಂಡಿಯ ಅಂಚಿನಲ್ಲಿ ಕುಳಿತ. ಬಸವಲಿಂಗಮ್ಮ ಸೆರಗಿನಲ್ಲಿ ಉಳಿದಿದ್ದ ಕೊನೆಯ ಬೀಜವನ್ನು ಅವನ ಕೈಗಿಟ್ಟಳು. ಆ ಮರದ ಬೀಜವನ್ನು ಅವನು ಅದುವರೆಗೆ ಒಮ್ಮೆಯೂ ಬಾಯಿಗೆ ಹಾಕಿ ನೋಡಿರಲಿಲ್ಲ. ಕಚ್ಚಿದ. ನಿಜಕ್ಕೂ ಚೆನ್ನಾಗಿತ್ತು. ಉಗುಳಲು ಮನಸ್ಸಾಗಲಿಲ್ಲ, ನುಂಗಿದರೆ ಅದೂ ಮುಗಿದುಹೋಗುತ್ತಿತ್ತು.