ಮೀನುಗಾರ್ತಿಯ ಎಡಪಾದ

ನಮ್ಮ ಮಾಮಾಗೆ ಈ ವಯಸ್ಸಿನಲ್ಲಿ ಇನ್ನೊಬ್ಬ ಹೆಂಗಸಿನ ಹುಚ್ಚು! ಪವಾಯಿಯ ತಮ್ಮ ಕಾಲನಿಯ ತೋಟದಲ್ಲಿ, ಹಾಡುಹಗಲೇ, ಅವಳ ಮೈ ತೊಳೆದು ಒರೆಸುತ್ತಾರೆ. ಗಾಬರಿ ಬೇಡ, ಅವಳು ಕಂಚಿನವಳು. ಬುಟ್ಟಿ ಹೊತ್ತ ಮೀನುಗಾರ್ತಿ. ಶಿಲ್ಪಿ ಅವಳ ಮೈಗೆ ಏನೋ ಮದ್ದು ಹಾಕಿ ಹಸಿರುಗಪ್ಪು ಬಣ್ಣ ಬರಿಸಿದ್ದಾನೆ. ಸೀರೆಗೆ ನೀಲಿ ಬಳಿದಿದ್ದಾನೆ.

ಮುಂಬಯಿಯ ಮಳೆಯಿಂದಲೂ ಪಾರಿವಾಳಗಳ ಹಿಕ್ಕೆಯಿಂದಲೂ ಅವಳನ್ನು ಕಾಪಾಡುವ ಹೊಣೆಯನ್ನು, ಪೇಂಟ್ ಕಂಪನಿಯಿಂದ ನಿವೃತ್ತರಾದ ಈ ಧಾರವಾಡದವರಿಗೆ ಕೊಟ್ಟವರು ಯಾರು? ಯಾರೂ ಇಲ್ಲ! ಪ್ರತಿ ಮೇ ತಿಂಗಳು ವಾಚ್‌ಮನ್ ಕೋಣೆಯಿಂದ ವೈರ್ ಎಳೆದು, ಹೇರ್ ಡ್ರೈಯರ್‌ನಿಂದ ಕಂಚನ್ನು ಬೆಚ್ಚಗೆ ಮಾಡಿ, ಮೇಣ ತಿಕ್ಕುತ್ತಾರೆ. ಸೀರೆಗೆ ಮಾತ್ರ ಬಿಸಿಗಾಳಿ ನಿಷಿದ್ಧ, ಬಣ್ಣ ಏಳುತ್ತದಂತೆ.

"ಕ್ಯಾ ಕಾಕಾ, ಬಾಯಿ ಕೋ ಥಂಡ್ ಲಗ್ ಗಯೀ?" ಅಮ್ಮನವರಿಗೆ ಚಳಿಯಾಯಿತೇ ಎಂದು ವಾಚ್‌ಮನ್ ನಗುತ್ತಾನೆ.

ಆ ಡ್ರೈಯರ್ ಮಾಮಿಯದು ಎಂದು ನನ್ನ ನೆನಪು. ಬರೆಯುತ್ತಿರುವ ಪ್ರಬಂಧಕ್ಕೆ ಇಷ್ಟು ಅನುಕೂಲವಾಗಿ ಒದಗುವ ನೆನಪನ್ನು ನಾನೇ ನಂಬುವುದಿಲ್ಲ.

ಮುಂದಿನದಕ್ಕೆ ಮಾತ್ರ ಸಾಕ್ಷಿಯಿದೆ. ಒಂದು ದಸರೆಗೆ, ಮಾಮಾ ಮೇಣ ತರಲು ಕಾಂದಿವಲಿಗೆ ಹೋದಾಗ, ಮಾಮಿ ಹುಣಸೆಹಣ್ಣು ಹಿಡಿದು ತೋಟಕ್ಕಿಳಿದರು. ಮನೆಯ ದೀಪ, ತಂಬಿಗೆಗಳೆಲ್ಲ ಫಳಫಳ ಎನ್ನುವಾಗ ಇವಳೊಬ್ಬಳು ಕಿಲುಬು ಹಿಡಿದು ನಿಲ್ಲುವುದೇ? ಎಡಪಾದ ತಿಕ್ಕಿ ಮುಗಿಸುವಷ್ಟರಲ್ಲಿ ಮಾಮಾ ಬಂದರು.

"ಏನ್ ಮಾಡಿದಿ ಇದು! ಅದು ಕಿಲುಬಲ್ಲ, ಶಿಲ್ಪಿ ಬರಿಸಿದ ಬಣ್ಣ!"

"ಪಾಪ, ಅಂವಗ ಹುಣಸಿಹಣ್ಣು ಸಿಕ್ಕಿರಲಿಕ್ಕಿಲ್ಲ."

ಅಂದಿನಿಂದ ಪಾದ ಚಿನ್ನದಂತೆ ಹೊಳೆಯಿತು, ಮಾಮಾ ಮುಖ ಕಪ್ಪಿಟ್ಟಿತು. ತಜ್ಞನನ್ನು ಕರೆಸಿ ಆ ಪಾದ ಸರಿಮಾಡಿಸಿ ಎಂದು ಕಾಲನಿಯ ಸೊಸೈಟಿ ಮೀಟಿಂಗುಗಳಲ್ಲೆಲ್ಲ ಗೋಗರೆದರು. ಪಕ್ಕದಲ್ಲೇ ಮಾಮಿ ನಿಶ್ಚಿಂತೆಯಿಂದ ಸಮೋಸಾ ಮುರಿಯುತ್ತಿದ್ದರು. ಮೇ ಬಂದಾಗ ಮಾಮಾ ಬಯ್ಯುತ್ತಲೇ ಆ ಪಾದಕ್ಕೂ ಮೇಣ ಹಚ್ಚುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಮಾಮಿ ತೀರಿಕೊಂಡರು. ಸೊಸೈಟಿಗೆ ದಯೆ ಬಂದದ್ದು ಈ ಮೇ ತಿಂಗಳಲ್ಲಿ! ತಜ್ಞ ಬಂದ, ಬ್ರಷ್ಷು ಬಾಟಲಿಗಳನ್ನು ಹರಡಿಕೊಂಡು ಕೂತ.

"ಪಾಂವ್ ಕಾ ರಂಗ್ ಮಿಲಾ ದೇತಾ ಹೂಂ, ಅಂಕಲ್. ಪತಾ ಭೀ ನಹೀ ಚಲೇಗಾ." ಬಣ್ಣ ಕೂಡಿಸಿಬಿಡುತ್ತೇನೆ, ಗುರುತೇ ಉಳಿಯುವುದಿಲ್ಲ ಎಂಬ ಭರವಸೆ.

ಇಷ್ಟು ವರ್ಷ ಕಾದಿದ್ದ ಮಾಮಾ ಕುಕ್ಕರಗಾಲಿನಲ್ಲಿ ಕೂತು ಆ ಪಾದವನ್ನು ಎರಡೂ ಕೈಯಿಂದ ಮುಚ್ಚಿದರು.

"ಬ್ಯಾಡ" ಎಂದರು, ಕನ್ನಡದಲ್ಲೇ. ತಜ್ಞನಿಗೆ ಕನ್ನಡ ಬಾರದು. ಆದರೂ ಬ್ರಷ್ ಕೆಳಗಿಟ್ಟ.

ಆಮೇಲೆ ಮಾಮಾ ಮೇಣದ ಬಟ್ಟೆಯನ್ನು ಪಕ್ಕದಲ್ಲಿ ನಿಂತಿದ್ದ ನನ್ನ ಕೈಗಿತ್ತರು.

"ಇದಕ್ಕ ಇನ್ನೊಂದು ಕೈ ಹಚ್ಚು. ಮಳಿ ಬಿದ್ದು ಕಪ್ಪಾತಂದ್ರ ನಿಮ್ಮ ಮಾಮಿ ಸುಮ್ನಿರೂದಿಲ್ಲ."